ಬಳೆ ತೊಟ್ಟ ಕೈಯ ದಾರಿ

ಸೊಳ್ಳೆ ಹೊಡೆಯುವ ಬ್ಯಾಟು ನಮ್ಮ ಮನೆಗೆ ಬಂದ ವಾರದೊಳಗೇ ನನ್ನ ಮೇಲೆ ದೂರು ಬಂತು. ದೂರು ಕೊಟ್ಟವರು ನಮ್ಮ ಯಜಮಾನರೇ. ದೀಪ ಹಚ್ಚುವ ಹೊತ್ತಿಗೆ ಕಿಟಕಿ ಬಾಗಿಲು ಹಾಕಿಕೊಂಡು, ಪಡಸಾಲೆಯ ಮೂಲೆಮೂಲೆ ಹುಡುಕಿ ಸೊಳ್ಳೆ ಹೊಡೆಯುವುದು ಈ ಮನೆಯಲ್ಲಿ ಯಾರೂ ಹೇಳದೆ ನನ್ನ ಪಾಲಿಗೆ ಬಂದ ಅನೇಕ ಕೆಲಸಗಳಲ್ಲಿ ಒಂದು. ಕುರ್ಚಿಯಲ್ಲಿ ಕುಳಿತು ನೋಡುವುದು ಅವರ ಪಾಲಿನದು.

“ಅಲ್ಲಾ, ನೀ ಸೊಳ್ಳಿ ಹೊಡಿಯಾಕತ್ತೀಯೇನು, ಹುಲಿ ಹೊಡಿಯಾಕತ್ತೀಯೇನು? ಎರಡೂ ಕೈಲೆ ಹಿಡದು, ಕಾಲು ಅಗಲಿಸಿ ನಿಂತು… ಅಗೋ, ಕ್ಯಾಲೆಂಡರ್ ಹರೀತು ನೋಡು!”

ನಿಜ, ಕ್ಯಾಲೆಂಡರು ಹರಿದಿತ್ತು. ಹಾಲಿನವನ ಲೆಕ್ಕ, ಸಿಲಿಂಡರು ಬಂದ ದಿನ, ಎಲ್ಲ ಬರೆದಿಟ್ಟ ತಿಂಗಳು ನಡುವೆ ಸೀಳಿ ನೇತಾಡುತ್ತಿತ್ತು. ಸೊಳ್ಳೆ ಬ್ಯಾಟನ್ನು ಒಂದೇ ಕೈಯಲ್ಲಿ, ಬೀಸಣಿಗೆ ಆಡಿಸಿದ ಹಾಗೆ ಆಡಿಸಬೇಕು ಎನ್ನುವುದು ನನಗೂ ಗೊತ್ತು. ನನ್ನ ಕೈಗಳಿಗೆ ಗೊತ್ತಿಲ್ಲ. ಹಿಡಿಕೆ ಸಿಕ್ಕ ಕೂಡಲೇ ಎಡಗೈ ಕೆಳಗೆ, ಬಲಗೈ ಅದರ ಮೇಲೆ ಬಂದು ಕುಳಿತುಬಿಡುತ್ತವೆ. ಬಲಗಡೆಯ ಮೊಣಕೈ ಪಕ್ಕೆಲುಬಿಗೆ ಒತ್ತಿಕೊಳ್ಳುತ್ತದೆ. ಬೆಳಿಗ್ಗೆ ಎದ್ದು ಕಸ ಗುಡಿಸಲು ಬಗ್ಗದೆ ಹಟ ಮಾಡುವ ಸೊಂಟ, ಆಗ ಮಾತ್ರ ಹದಿನೈದರ ಹುಡುಗಿಯದರಂತೆ ತಿರುಗುತ್ತದೆ. ಆ ಮೇಲೆ ಎರಡು ದಿನ ನೋಯುತ್ತದೆ, ಆ ಮಾತು ಬೇರೆ.

ಅದು ಸಾಫ್ಟ್‌ಬಾಲಿನ ಹೊಡೆತ. ಅಮೆರಿಕದವರು ಬೇಸ್‌ಬಾಲ್ ಅಂತ ಆಡುತ್ತಾರಲ್ಲ, ಅದರ ತಂಗಿ ಈ ಆಟ. ಹೆಸರಿಗೆ ಮೆತ್ತನೆಯ ಚೆಂಡು. ಮೊಣಕಾಲ ಚಿಪ್ಪಿಗೆ ಒಮ್ಮೆ ಬಡಿಸಿಕೊಂಡವರಿಗೆ ಆ ಮೆತ್ತನೆತನದ ಬಗ್ಗೆ ಯಾವ ಭ್ರಮೆಯೂ ಉಳಿಯುವುದಿಲ್ಲ.

ನೀವು ಕೇಳಬಹುದು, ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ, ಕೊಟ್ಟೂರಿನಲ್ಲಿ, ಕಿರಾಣಿ ಅಂಗಡಿಯವನ ಮಗಳಿಗೆ ಸಾಫ್ಟ್‌ಬಾಲು ಎಲ್ಲಿಂದ ಬಂತು ಎಂದು. ಬಂದದ್ದು ನಮ್ಮ ಡ್ರಿಲ್ ಮಾಸ್ತರರ ಟ್ರಂಕಿನಲ್ಲಿ. ಅವರು ಹರಪನಹಳ್ಳಿಯವರು. ಯಾವುದೋ ತರಬೇತಿಗೆ ಹೋಗಿದ್ದವರು ಬರುವಾಗ ಒಂದು ಬ್ಯಾಟು, ಒಂದು ಚೆಂಡು, ಚೆಂಡು ಹಿಡಿಯಲು ಕೈಗೆ ತೊಡುವ, ಎಮ್ಮೆಯ ನಾಲಿಗೆಯಂತಿದ್ದ ಎರಡು ತೊಗಲಿನ ಕೈಚೀಲ ತಂದರು. ಅಲ್ಲಿಯವರೆಗೆ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟ ಅಂದರೆ ಖೋ ಖೋ, ಥ್ರೋಬಾಲು, ಆಗಸ್ಟ್ ಹದಿನೈದಕ್ಕೆ ಚಮಚದಲ್ಲಿ ಲಿಂಬೆಹಣ್ಣು. ಒಂಬತ್ತು ಜನ ಬೇಕಾಗಿದ್ದ ಈ ಹೊಸ ಆಟಕ್ಕೆ ಸೇರಿದವರು, ಮನೆಗೆ ತಡವಾಗಿ ಹೋದರೆ ಯಾಕೆ ಎಂದು ಕೇಳುವವರು ಇಲ್ಲದ ಹುಡುಗಿಯರು. ನಮ್ಮ ಮನೆಯಲ್ಲಿ ಕೇಳುವವರಿದ್ದರು. ಆದರೆ ಅವ್ವ ಸಂಜೆ ಅಂಗಡಿಗೆ ಬೇಳೆ ಆರಿಸುವ ಗದ್ದಲದಲ್ಲಿ ಮರೆಯುತ್ತಿದ್ದಳು.

ಮಾಸ್ತರರಿಗೆ ಒಂದು ತೊಡಕಿತ್ತು. ಬ್ಯಾಟು ಬೀಸುವುದನ್ನು ಬಾಯಲ್ಲಿ ಹೇಳಿಕೊಡಲು ಬರುವುದಿಲ್ಲ, ಕೈ ಹಿಡಿದು ತಿದ್ದಬೇಕು. ಗಂಡುಹುಡುಗರಾಗಿದ್ದರೆ ಹಿಂದೆ ನಿಂತು ಎರಡೂ ಮುಂಗೈ ಹಿಡಿದು, ಹೀಗೆ ಬಾ, ಹೀಗೆ ಹೋಗು ಎಂದು ತೋರಿಸಿಬಿಡುತ್ತಿದ್ದರು. ನಾವು ಹೆಣ್ಣುಮಕ್ಕಳು, ವಯಸ್ಸಿಗೆ ಬಂದವರು. ಕಾಂಪೌಂಡಿನಾಚೆ ರಸ್ತೆ. ರಸ್ತೆಯಲ್ಲಿ ಊರು. ಅವರು ನಮ್ಮ ಬೆರಳನ್ನು ಒಮ್ಮೆಯೂ ಮುಟ್ಟಲಿಲ್ಲ. ಚೆಂಡು ಕೊಡುವಾಗಲೂ ನೆಲಕ್ಕೆ ಉರುಳಿಸಿಯೇ ಕೊಡುತ್ತಿದ್ದರು.

ಅದಕ್ಕೆ ಅವರು ಗೋಡೆಯನ್ನು ಮೇಷ್ಟ್ರು ಮಾಡಿದರು. ಶಾಲೆಯ ಹಿಂಗೋಡೆ, ಸುಣ್ಣ ಉದುರಿ ಒಳಗಿನ ಕಲ್ಲು ಹಲ್ಲು ಕಿರಿದ ಗೋಡೆ. ಬ್ಯಾಟಿನ ಹಿಡಿಕೆಯ ತುದಿ ಹೊಟ್ಟೆಗೆ, ಇನ್ನೊಂದು ತುದಿ ಗೋಡೆಗೆ ತಾಗುವಷ್ಟು ದೂರದಲ್ಲಿ ನಿಲ್ಲಬೇಕು. ಅಲ್ಲಿ ನಿಂತು ಬೀಸಬೇಕು, ಗೋಡೆಗೆ ತಾಗಬಾರದು. ಕೈ ಮೈಯಿಂದ ದೂರ ಹೋಗಿ ಸುತ್ತು ಬಳಸಿ ಬಂದರೆ ಬ್ಯಾಟು ಗೋಡೆಗೆ ಬಡಿಯುತ್ತಿತ್ತು. ಆ ನಡುಕ ಮುಂಗೈ, ಮೊಣಕೈ ಹತ್ತಿ ಹಲ್ಲಿನ ಬೇರಿಗೆ ಬಂದು ನಿಲ್ಲುತ್ತಿತ್ತು. ಕೈ ಪಕ್ಕೆಗೆ ಅಂಟಿಕೊಂಡು, ಎದೆಯ ಮುಂದೆ ಹಾದು ನೆಟ್ಟಗೆ ಚೆಂಡಿನ ಕಡೆ ಬಂದರೆ ಮಾತ್ರ ಗೋಡೆ ಸುಮ್ಮನಿರುತ್ತಿತ್ತು.

“ಮನೀಗೆ ಹೋಗೋಕೆ ಊರೆಲ್ಲ ಸುತ್ತಿ ಹೋಗ್ತೀಯೇನಮ್ಮಾ?” ಎಂದು ಮಾಸ್ತರು ಮಾರು ದೂರ ನಿಂತು ಕೂಗುವರು. “ಓಣ್ಯಾಗೆ ಹಾದು ಹೋಗು. ಮೊದ್ಲು ಕೈ ಬರ್ಬೇಕು, ಆಮ್ಯಾಲೆ ಬ್ಯಾಟು. ಕೈಗೆ ಹತ್ರದ ಹಾದಿ ತೋರ್ಸು!”

ಕೈಗೆ ಹತ್ತಿರದ ಹಾದಿ! ಈಗ ಒಗ್ಗರಣೆ ಹಾಕುವಾಗಲೂ ಈ ಮಾತು ನೆನಪಾಗುತ್ತದೆ. ನಮ್ಮ ಮನೆಯ ಕೆಲಸಗಳನ್ನು ನೋಡಿ, ಒಂದರಲ್ಲೂ ಕೈಗೆ ಆ ಹಾದಿ ಇಲ್ಲ. ಬೀಸುಕಲ್ಲು ಸುತ್ತು ಹಾದಿ. ಬಾವಿಯ ಹಗ್ಗ ಮೇಲಿಂದ ಕೆಳಗೆ. ಬಟ್ಟೆ ಒಗೆಯುವುದು ತಲೆಯ ಮೇಲಿಂದ ಹಿಂದಕ್ಕೆ ಹೋಗಿ ಬಂಡೆಗೆ. ರೊಟ್ಟಿ ಬಡಿಯುವುದು ಇದ್ದಲ್ಲೇ ತಟ್ಟಿ ಇದ್ದಲ್ಲೇ ತಿರುಗಿಸುವುದು. ಹಿಟ್ಟು ನಾದಿ, ಕಸ ಗುಡಿಸಿ, ಮೊರದಲ್ಲಿ ಕೇರಿ ಹದಿನೈದು ವರ್ಷದಲ್ಲಿ ನನ್ನ ಕೈ ಕಲಿತ ದಾರಿಗಳೆಲ್ಲ ಸುತ್ತಿ ಸುತ್ತಿ ನನ್ನ ಮಡಿಲಿಗೇ ವಾಪಸು ಬರುವಂಥವು. ಎದುರಿಗೆ ಬಂದದ್ದನ್ನು ನೆಟ್ಟಗೆ ಹೊಡೆದು ದೂರ ಕಳಿಸುವ ದಾರಿ ಅವುಗಳಲ್ಲಿ ಇರಲಿಲ್ಲ.

ಅದರ ಮೇಲೆ ಬಳೆ. ಎರಡೂ ಕೈ ಒಂದರ ಮೇಲೊಂದು ಒತ್ತಿ ಹಿಡಿದಾಗ ಮುಂಗೈಗಳು ಅಕ್ಕಪಕ್ಕ ಬರುತ್ತವೆ. ಪಕ್ಕೆಗೆ ಅಂಟಿಕೊಂಡು ಬಂದ ಕೈ ಚೆಂಡಿನ ಹತ್ತಿರ ತಿರುಗುವಾಗ ಈ ಕೈಯ ಗಾಜಿನ ಬಳೆ ಆ ಕೈಯ ಗಾಜಿನ ಬಳೆಗೆ ಠಣ್ ಎನ್ನುತ್ತದೆ. ಬಳೆ ಒಡೆದರೆ ಮನೆಯಲ್ಲಿ ಬೈಗುಳ. ನಮ್ಮ ಕಡೆ ಒಡೆಯಿತು ಎನ್ನಲೂ ಬಾರದು, ಹೆಚ್ಚಿತು ಎನ್ನಬೇಕು, ಅಷ್ಟು ಮಡಿ. ಹಾಗಾಗಿ ನನ್ನ ಕೈಗಳು ತಾವೇ ಉಪಾಯ ಹುಡುಕಿದ್ದವು. ಎರಡೂ ಮೊಣಕೈ ಅಗಲಿಸಿ, ಮುಂಗೈ ಸೆಟೆಸಿ, ಮೈಯಿಂದ ದೂರ ದೊಡ್ಡ ಸುತ್ತು ಹಾಕಿಕೊಂಡು ಬರುತ್ತಿದ್ದವು. ಗೋಡೆಗೆ ದಿನಾ ಬಡಿಯುತ್ತಿದ್ದೆ.

ರೋಗ ಕಂಡುಹಿಡಿದವಳು ಜುಲೇಖಾ. ಬಸ್ ನಿಲ್ದಾಣದ ಹಿಂದೆ ಲಾರಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ಕರ ಮಗಳು, ನಮ್ಮ ತಂಡದಲ್ಲಿ ಚೆಂಡು ಎಸೆಯುವವಳು. ನನ್ನ ಪಕ್ಕದ ಬೆಂಚಿನವಳು.

“ಲೇ ಗಿರಿಜಿ, ನಿನ್ನ ಕೈ ಚೆಂಡಿಗೆ ಅಂಜವಲ್ದು, ಬಳಿಗೆ ಅಂಜತೈತಿ. ತಗದು ಇಡs.”

“ಅವ್ವ ಬೈತಾಳ.”

“ನಿಮ್ಮವ್ವ ಇಲ್ಲಿ ಜಾಲಿ ಗಿಡದಾಗ ಕುಂತಾಳೇನು?”

ಅವ್ವ ಇರಲಿಲ್ಲ. ಬೆಳೆಯುವ ಹುಡುಗಿ ಎಂದು ಅವಳು ಒಂದು ಅಳತೆ ದೊಡ್ಡದೇ ಇಡಿಸುತ್ತಿದ್ದಳು, ಬಳೆ ಸಲೀಸಾಗಿ ಕಳಚಿ ಬಂದವು. ಕಾಂಪೌಂಡಿನ ಜಾಲಿ ಗಿಡದ ಮುಳ್ಳಿಗೆ ಅವನ್ನು ಸಿಕ್ಕಿಸಿ ಬಂದೆ. ಮರುದಿನದಿಂದ ಉಳಿದ ಹುಡುಗಿಯರೂ ಸಿಕ್ಕಿಸತೊಡಗಿದರು. ಸಂಜೆ ಗಾಳಿಗೆ ಆ ಮುಳ್ಳಿನ ಗಿಡ ಕಿಣಿಕಿಣಿ ಅನ್ನುತ್ತಿತ್ತು. ಮಾಸ್ತರು ಅದನ್ನು ಒಮ್ಮೆ ನೋಡಿದರು. ಚೆಂಡು ಉರುಳಿಸಿದರು.

ಬರಿಗೈಗೆ ಗೋಡೆ ಪಾಠ ಬೇಗ ಹತ್ತಿತು. ಗೆಣ್ಣುಗಳ ಚರ್ಮ ಸುಲಿಯಿತು, ಒಣಗಿತು, ಮತ್ತೆ ಸುಲಿಯಿತು. ಅವ್ವ ಕೇಳಿದರೆ ರುಬ್ಬುವ ಒಳಕಲ್ಲಿಗೆ ತಾಗಿತು ಎನ್ನುತ್ತಿದ್ದೆ. ಒಂದು ಸಂಜೆ ಬ್ಯಾಟು ಗೋಡೆಗೂ ನನಗೂ ನಡುವೆ ಹಾವಿನ ಹಾಗೆ ನುಸುಳಿ ಹೋಯಿತು. ಮತ್ತೊಮ್ಮೆ ಬೀಸಿದೆ, ಮತ್ತೆ ನುಸುಳಿತು. ಮಾಸ್ತರು ದೂರದಿಂದಲೇ ಸೀಟಿ ಊದಿದರು. ಅವರ ಹೊಗಳಿಕೆ ಅಷ್ಟೇ.

ಆ ಸೀಟಿಯ ಬಗ್ಗೆ ಹೇಳಬೇಕು. ಕಪ್ಪು ದಾರದಲ್ಲಿ ಕುತ್ತಿಗೆಗೆ ನೇತುಹಾಕಿಕೊಂಡ ಹಿತ್ತಾಳೆಯ ಸೀಟಿ. ಅದು ಊದಿದರೆ ನೂರು ಹುಡುಗಿಯರು ನಿಲ್ಲುತ್ತಿದ್ದರು, ಊದಿದರೆ ಓಡುತ್ತಿದ್ದರು. ಬಳ್ಳಾರಿಯಲ್ಲಿ ರಾಜ್ಯದ ಶಾಲಾ ತಂಡಕ್ಕೆ ಹುಡುಗಿಯರನ್ನು ಆರಿಸುತ್ತಾರೆ, ಅದರಲ್ಲಿ ಆರಿಸಿಬಂದವರಿಗೆ ಮುಂದೆ ಡ್ರಿಲ್ ಟೀಚರ್ ತರಬೇತಿಗೆ ಸೀಟು ಸಲೀಸು ಎಂದು ಮಾಸ್ತರು ಹೇಳಿದ ದಿನದಿಂದ ನನಗೆ ಆ ಸೀಟಿ ಬೇಕಾಗಿತ್ತು. ಬೇರೆ ಹುಡುಗಿಯರು ಬೋರಮಾಳ ಸರದ ಕನಸು ಕಾಣುವ ವಯಸ್ಸಿನಲ್ಲಿ ನಾನು ಕಪ್ಪು ದಾರ ಕುತ್ತಿಗೆಗೆ ಹಾಕಿಕೊಂಡು, ಒಂದು ಹಳೆಯ ಬೀಗದ ಕೈ ಕಟ್ಟಿಕೊಂಡು, ಕೋಣೆಯ ಕನ್ನಡಿಯ ಮುಂದೆ ನಿಲ್ಲುತ್ತಿದ್ದೆ. ನಗಬೇಡಿ. ನಗುವುದಾದರೆ ನಗಿ.

ಮೊದಲ ಮೆಟ್ಟಿಲು ಹರಪನಹಳ್ಳಿ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಶಾಲೆಗಳೆಲ್ಲ ಅಲ್ಲಿಗೆ ಬಂದಿದ್ದವು. ಅಲ್ಲಿ ಆಡಿದವರಲ್ಲಿ ಒಳ್ಳೆಯವರನ್ನು ಬಳ್ಳಾರಿಗೆ ಕಳಿಸುವುದು. ನನ್ನ ಸರದಿ ಬಂದಾಗ ಹಡಗಲಿ ಕಡೆಯ ಎತ್ತರದ ಹುಡುಗಿ ಚೆಂಡು ಎಸೆಯುತ್ತಿದ್ದಳು. ಬರಿಗೈಯಲ್ಲಿ ನಿಂತೆ. ಚೆಂಡು ಬಂತು. ಕೈ ಓಣಿಯಲ್ಲಿ ಹಾದುಬಂತು. ಸರಿಯಾಗಿ ಬಿದ್ದ ಹೊಡೆತ ಕೈಗೆ ಗೊತ್ತೇ ಆಗುವುದಿಲ್ಲ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ. ತಲೆ ಎತ್ತಿ ನೋಡಿದರೆ ಚೆಂಡು ಮೈದಾನದ ಆಚೆ, ಮಂಡಕ್ಕಿ ಮಾರುವವನ ತಳ್ಳುಗಾಡಿಯ ಕೆಳಗೆ. ಅವನು ಕೈಯಲ್ಲಿದ್ದ ಮೆಣಸಿನಕಾಯಿ ಬಿಟ್ಟು, “ಯವ್ವಾ, ಯಾರ್ ಮಗಳs ಇಕಿ!” ಅಂದ. ಅಂಥ ಮಾತು ನನ್ನ ಬಗ್ಗೆ ಬೇರೆ ಯಾರೂ ಆ ಮೇಲೆ ಅನ್ನಲಿಲ್ಲ. ಅದಕ್ಕೇ ಇಷ್ಟು ಚೆನ್ನಾಗಿ ನೆನಪಿದೆ.

ನನ್ನ ಹೆಸರೂ ಜುಲೇಖಾಳ ಹೆಸರೂ ಬಳ್ಳಾರಿಗೆ ಹೋಗುವವರಲ್ಲಿ ಬಂತು.

ಆದರೆ ಯಾರ ಮಗಳು ಎನ್ನುವುದು ಆ ಮೈದಾನದಲ್ಲಿ ಒಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ದೂರದ ಸಂಬಂಧದ ಕಾಕಾ ಒಬ್ಬರು ಏನೋ ವ್ಯಾಪಾರಕ್ಕೆ ಹರಪನಹಳ್ಳಿಗೆ ಬಂದಿದ್ದರಂತೆ. ಊರಿನಲ್ಲಿದ್ದರೆ ಅವರ ಜಾಗ ನಮ್ಮ ಅಂಗಡಿಯ ಮುಂದಿನ ಕಟ್ಟೆ. ಆ ಕಟ್ಟೆಯ ಮೇಲೆ ಕೂಡುವ ಮಂದಿ ಏನೂ ಕೊಳ್ಳುತ್ತಿರಲಿಲ್ಲ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಊರಿನ ನ್ಯಾಯ ತೀರಿಸುತ್ತಿದ್ದರು. ಅಪ್ಪ ತಕ್ಕಡಿ ಹಿಡಿದಿದ್ದರೂ ಅವನ ಕಿವಿ ಯಾವಾಗಲೂ ಆ ಕಟ್ಟೆಯ ಮೇಲೇ.

“ನಿನ್ನ ಮಗಳು ಭಾರಿ ಹೊಡೀತಾಳ ಬಿಡಪಾ,” ಎಂದರಂತೆ ಕಾಕಾ. ಬೆಲ್ಲ ಚಪ್ಪರಿಸಿ, “ಕೈಯಾಗ ಮಾತ್ರ ಒಂದು ಬಳಿ ಇರಲಿಲ್ಲ. ಅಷ್ಟು ಮಂದ್ಯಾಗ ಬೋಳಗೈಲೆ ನಿಂತಿದ್ಲು. ನನಗ ನೋಡಾಕಾಗ್ಲಿಲ್ಲ.”

ಅಪ್ಪ ಅಂದು ರಾತ್ರಿ ಅರ್ಧ ಊಟಕ್ಕೇ ಎದ್ದ. ಅವ್ವ ನನ್ನ ಕೈ ಎಳೆದು ನೋಡಿ, ಬಳೆ ಇದ್ದದ್ದು ಕಂಡು, ಇನ್ನಷ್ಟು ಸಿಟ್ಟಾದಳು. ತೆಗೆದು ಹಾಕಿಕೊಳ್ಳುತ್ತಾಳೆ ಎನ್ನುವುದು ಬಳೆ ಇಲ್ಲದಿರುವುದಕ್ಕಿಂತ ದೊಡ್ಡ ತಪ್ಪು ಎಂದು ಆಗ ತಿಳಿಯಿತು.

ಎರಡು ದಿನಕ್ಕೆ ಮಾಸ್ತರು ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಅಪ್ಪಣೆ ಕೇಳಲು. ಬಂದದ್ದು ಅಂಗಡಿಗೇ, ಕಟ್ಟೆ ತುಂಬಿದ್ದ ಹೊತ್ತಿಗೆ. ನಾನು ಅಂಗಡಿಗೂ ಮನೆಗೂ ನಡುವಿನ ಗೋಣಿತಟ್ಟಿನ ಪರದೆಯ ಹಿಂದೆ, ಸಕ್ಕರೆ ಚೀಲಕ್ಕೆ ಒರಗಿ ನಿಂತಿದ್ದೆ. ಬೇಡ ಎಂದು ಅಪ್ಪ ಹೇಳುತ್ತಾನೆ, ಆಗ ಎರಡು ದಿನ ಊಟ ಬಿಡಬೇಕು ಎಂದು ತಯಾರಾಗಿದ್ದೆ.

ಅಪ್ಪ ಬೇಡ ಎನ್ನಲಿಲ್ಲ.

“ಕರಕೊಂಡು ಹೋಗ್ರಿ ಮಾಸ್ತರ,” ಅಂದ. ಧ್ವನಿ ಕಟ್ಟೆಯ ಕೊನೆಯವರೆಗೆ ಮುಟ್ಟುವಷ್ಟು ದೊಡ್ಡದಿತ್ತು. “ನಾನೇನು ಹಳೇ ಕಾಲದ ಮನಷ್ಯಾ ಅಲ್ಲ. ಹೆಣ್ಣುಮಕ್ಕಳೂ ನಾಕು ಊರು ನೋಡ್ಲಿ. ಆದ್ರ ಒಂದs ಒಂದು ಮಾತು ನಡಿಸಿಕೊಡ್ರಿ. ಕೈಯಾಗ ಬಳಿ ಇರ್ಲಿ.”

“ಆಟದಾಗೆ ಬಳೆ ಇದ್ರೆ…” ಮಾಸ್ತರು ಶುರು ಮಾಡಿದರು, “ಕೈ ತಿರುಗೋದಿಲ್ರಿ. ಗಾಜು ಬೇರೆ.”

“ಬಳಿ ಏನು ಕಬ್ಬಿಣದ ಗುಂಡೇನ್ರಿ? ನಮ್ಮ ಮನ್ಯಾಗಿನೋರು ಬಳಿ ಹಾಕ್ಕೊಂಡs ನೀರು ಸೇದ್ತಾರ, ರೊಟ್ಟಿ ಬಡೀತಾರ, ಮೂರು ಮಕ್ಕಳ್ನ ಹಡದಾರ. ಒಂದು ಬಡಿಗಿ ಬೀಸಾಕ ಬರಾಂಗಿಲ್ಲಂದ್ರ ಹೆಂಗ?”

ಕಟ್ಟೆ ನಕ್ಕಿತು. “ಖರೇ ಐತಿ ನೋಡ್ರಿ,” ಎಂದರು ಕಾಕಾ. “ನೀನು ದೊಡ್ಡ ಮನಸಿನಾವ ಬಿಡೋ. ನಾನಾಗಿದ್ರ ಕಳಿಸ್ತಿರಲಿಲ್ಲ.”

ಪರದೆಯ ತೂತಿನಿಂದ ಮಾಸ್ತರ ಮುಖ ಕಾಣುತ್ತಿತ್ತು. ಇನ್ನೊಂದು ಮಾತಾಡಿದರೆ ಇರುವ ಅಪ್ಪಣೆಯೂ ಹೋದೀತೆಂದು ಅವರಿಗೂ ಗೊತ್ತಿತ್ತು. ಬಸಿಯಲ್ಲಿ ಆರುತ್ತಿದ್ದ ಚಹಾ ನೋಡುತ್ತಾ, “ಆಗ್ಲಿ ಬಿಡ್ರಿ,” ಅಂದರು. ಕುಡಿದು ಹೋದರು.

ಈಗ ಯೋಚಿಸಿದರೆ, ಆವತ್ತು ಅಪ್ಪ ಬೇಡ ಎಂದಿದ್ದರೆ ಒಳ್ಳೆಯದಿತ್ತು. ಬೇಡ ಎಂದ ಅಪ್ಪಂದಿರ ಮೇಲೆ ಸಿಟ್ಟು ಮಾಡಬಹುದು, ನಾಲ್ಕು ಜನರ ಮುಂದೆ ಹೇಳಿಕೊಂಡು ಅಳಬಹುದು. ಕಳಿಸಿದ ಅಪ್ಪನ ಮೇಲೆ ಏನು ಮಾಡುತ್ತೀರಿ?

ಹೊರಡುವ ಹಿಂದಿನ ದಿನ ಅಪ್ಪ ತಾನೇ ಬಳೆಗಾರ್ತಿ ಮಹಬೂಬಿಯನ್ನು ಮನೆಗೆ ಕರೆಸಿದ. ಮಗಳು ಬಳ್ಳಾರಿಗೆ ಹೊರಟಿದ್ದಾಳೆ, ಹೊಸ ಬಳೆ ಆಗಲಿ, ಹಸಿರು ಚುಕ್ಕಿಯವು, ಎರಡೂ ಕೈ ತುಂಬ. ಪ್ರೀತಿಯಿಂದಲೇ ಕರೆಸಿದ್ದು, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಮಹಬೂಬಿ ನನ್ನ ಅಂಗೈ ಹಿಡಿದು, ಹೆಬ್ಬೆರಳಿನ ಬುಡ ಒತ್ತಿ ಒತ್ತಿ ಮೆತ್ತಗೆ ಮಾಡಿದಳು.

“ಆಟಕ್ಕ ಹೊಂಟಾಳಂತಲ್ರಿ ಬೇಟಿ. ಸಡ್ಲ ಇಡ್ಲೇನು? ಬೇಕಾದ್ರ ತಗೀಬೌದು.”

“ಬ್ಯಾಡ ಬ್ಯಾಡ,” ಅವ್ವನಿಗಿಂತ ಮೊದಲು ಅಪ್ಪ ಹೇಳಿದ. “ಬಿಗೀನ ಇಡವ್ವ. ಸಡ್ಲ ಇದ್ರ ಆಡುವಾಗ ಸಪ್ಪಳ ಆಗ್ತಾವ, ಜಾರ್ತಾವ. ಬಿಗಿ ಇದ್ರ ಅಕಿಗೂ ತ್ರಾಸಿಲ್ಲ.”

ಎಷ್ಟು ಯೋಚನೆ ನೋಡಿ ಪಾಪ. ಗೆಣ್ಣು ದಾಟುವಾಗ ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾದ ಬಳೆ ಒಂದೊಂದಾಗಿ ಒಳಗೆ ಹೋದವು. ಅಂಥವನ್ನು ಹಾಕಲು ಮಹಬೂಬಿಯ ಬೆರಳು ಬೇಕು, ತೆಗೆಯಲು ಕಲ್ಲು ಬೇಕು. “ಭಾಳ ಚಂದ ಕಾಣಸ್ತಾವ,” ಅಂದಳು ಮಹಬೂಬಿ, ನನ್ನ ಮುಖ ನೋಡದೆ.

ಬೆಳಿಗ್ಗೆ ಬಸ್ಸಿನ ಕಿಟಕಿಯ ಹತ್ತಿರ ಬಂದು ಅಪ್ಪ ಮೆಲ್ಲಗೆ ಹೇಳಿದ, “ಗಿರಿಜವ್ವ, ಮಂದಿ ಮುಂದ ಆಡಿದ ಮಾತು ಐತಿ. ಉಳಿಸಿಕೊಂಡು ಬಾ ನೋಡು.” ಆ ಮೇಲೆ ಶೇಂಗಾ ಬೆಲ್ಲದ ಪೊಟ್ಟಣ ಮಡಿಲಿಗೆ ಹಾಕಿದ.

ಕೂಡ್ಲಿಗಿ ದಾಟುವವರೆಗೂ ಜುಲೇಖಾ ನನ್ನ ಕೈ ನೋಡುತ್ತ ಕುಳಿತಿದ್ದಳು. ಅವಳ ಕೈ ಬೋಳು. ಅವರಪ್ಪನಿಗೆ ಕೇಳಿದ್ದಕ್ಕೆ, ಗ್ರೀಸಿನ ಕೈ ಒರೆಸಿಕೊಳ್ಳುತ್ತಾ, “ಕೈಯಾಗ ಬಳಿ ಇಟ್ಕೊಂಡು ಯಾರರ ಪಾನಾ ಹಿಡೀತಾರೇನು?” ಅಂದಿದ್ದರಂತೆ. ನಟ್ಟು ಬಿಗಿಯುವ ಪಾನಾ. ಮಾತು ಅಲ್ಲಿಗೇ ಮುಗಿದಿತ್ತು.

ಬಳ್ಳಾರಿಯ ಮೈದಾನದಲ್ಲಿ ನಮ್ಮ ಸರದಿಗೆ ಸ್ವಲ್ಪ ಮೊದಲು ಜುಲೇಖಾ ನನ್ನನ್ನು ನೀರಿನ ತೊಟ್ಟಿಯ ಹಿಂದೆ ಎಳೆದುಕೊಂಡು ಹೋದಳು. ಅವಳ ಲಂಗದ ಮಡಿಕೆಯಲ್ಲಿ ಒಂದು ಉರುಟು ಕಲ್ಲಿತ್ತು.

“ಕೈ ಕೊಡು. ಕಣ್ಣು ಮುಚ್ಚು. ಒಂದs ಏಟು.”

“ಬ್ಯಾಡಲೇ.”

“ಯಾಕs? ಆಡುವಾಗ ಹೆಚ್ಚಿದವು ಅಂತ ಹೇಳು. ಖರೇ ಅನ್ನಸ್ತೈತಿ.”

“ಅಪ್ಪ ಮಂದಿ ಮುಂದ ಮಾತು ಕೊಟ್ಟಾನ.”

“ನಿಮ್ಮಪ್ಪ ಕಟ್ಟಿ ಮಂದಿಗೆ ಕೊಟ್ಟಾನ, ಬ್ಯಾಟಿಗೆ ಕೊಟ್ಟಾನೇನು?” ಅವಳಿಗೆ ಅಳು ಬಂದಿತ್ತು. ನನಗೆ ಬಂದಿರಲಿಲ್ಲ. “ನೀ ಹೊಡದ್ರ ಇಬ್ರೂ ಹೋಗ್ತೀವಲೇ. ಕೊಡs ಕೈ!”

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಅವಳು ಕಲ್ಲನ್ನು ತೊಟ್ಟಿಯೊಳಗೆ ಎಸೆದು ಹೋದಳು.

ಕರವಸ್ತ್ರ ಹರಿದು ಬಳೆಗಳ ಮೇಲೆ ಸುತ್ತಿಕೊಂಡೆ. ಅದು ಸುತ್ತಿದ ಮೇಲೆ ಮುಂಗೈ ಇನ್ನೂ ದಪ್ಪವಾಯಿತು. ಬ್ಯಾಟು ಹಿಡಿದರೆ ಎರಡೂ ಕೈ ಸೇರಲೇ ಇಲ್ಲ. ಮೊದಲ ಚೆಂಡಿಗೆ ಗೋಡೆ ಕಲಿಸಿದ ದಾರಿಯಲ್ಲೇ ಕೈ ತಂದೆ. ಎದೆಯ ಮುಂದೆ ಬರುತ್ತಲೂ ಬಳೆಗೆ ಬಳೆ ಬಡಿದು ಕಟ್ ಎಂದಿತು, ಗಾಜು ಬಟ್ಟೆಯೊಳಗೇ ಚುಚ್ಚಿತು. ಚೆಂಡು ಹೋಯಿತು. ಎರಡನೆಯದಕ್ಕೆ ಕೈ ನನ್ನನ್ನು ಕೇಳಲಿಲ್ಲ. ತಾನೇ ಮೈ ಬಿಟ್ಟು ದೂರ ಸರಿದು, ಮೊಣಕೈ ಅಗಲಿಸಿ, ಊರು ಸುತ್ತಿಕೊಂಡು ಬಂತು. ಅದು ಬರುವ ಹೊತ್ತಿಗೆ ಚೆಂಡು ಹಿಂದೆ ಹಿಡಿಯಲು ಕುಳಿತವಳ ಕೈಚೀಲದಲ್ಲಿತ್ತು. ಆ ಮೇಲಿನವೂ ಹಾಗೇ. ಒಂದು ಮಾತ್ರ ಬ್ಯಾಟಿನ ಅಂಚಿಗೆ ತಾಗಿ ನನ್ನ ಕಾಲ ಬಳಿಯೇ ಬಿತ್ತು, ಬಿದ್ದು ಅಲ್ಲೇ ಒಂದು ಸುತ್ತು ತಿರುಗಿತು.

ಆರಿಸಲು ಬಂದಿದ್ದ ಹೆಂಗಸು ಬಿಳಿ ಕ್ಯಾನ್ವಾಸ್ ಬೂಟು ಹಾಕಿದ್ದರು. ಕುತ್ತಿಗೆಯಲ್ಲಿ ಸೀಟಿ. “ಈ ಹುಡುಗಿಯ ಕೈ ಸುತ್ತು ಹೊಡೆಯುತ್ತೆ,” ಎಂದು ಪಕ್ಕದವರಿಗೆ ಹೇಳಿದರು. “ಕೈ ಮೈಗೆ ಹತ್ತಿರ ಇರಬೇಕು ಅನ್ನೋದನ್ನೇ ಇವಳಿಗೆ ಯಾರೂ ಕಲಿಸಿಲ್ಲ.” ನಮ್ಮ ಮಾಸ್ತರು ಅಲ್ಲೇ ನಿಂತಿದ್ದರು, ಎರಡು ಹೆಜ್ಜೆ ಆಚೆ. ಅವರ ಕುತ್ತಿಗೆಯ ನರ ಎದ್ದು ಕಂಡಿತು.

ಜುಲೇಖಾ ಆಯ್ಕೆಯಾದಳು. ನಾನು ಆಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಮಾಸ್ತರು ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಇಳಿಯುವ ಹೊತ್ತಿಗೆ ಹಿಂದೆ ತಿರುಗದೆಯೇ, “ಗೋಡೆ ಮುಂದೆ ಸರಿಯಾಗಿತ್ತಮ್ಮಾ,” ಅಂದರು. ಆ ಮೇಲೆ ಆಟದ ಮಾತು ನನ್ನ ಹತ್ತಿರ ಅವರು ಎತ್ತಲಿಲ್ಲ.

ಮನೆಯಲ್ಲಿ ಅವ್ವ ರಕ್ತ ಮೆತ್ತಿದ ಬಟ್ಟೆ ಬಿಚ್ಚಿ, ಅರಿಶಿನ ಒತ್ತಿ, “ಅಯ್ಯ, ನಾಕು ಹೆಚ್ಚ್ಯಾವಲ್ಲs” ಎಂದು ಮಹಬೂಬಿಗೆ ಹೇಳಿಕಳಿಸಿದಳು. ಅಪ್ಪ ಅಂಗಡಿಯಲ್ಲಿ ಕಟ್ಟೆಗೆ ಹೇಳುತ್ತಿದ್ದುದು ಪರದೆಯ ಹಿಂದೆ ಕೇಳಿತು.

“ಬಳ್ಳಾರಿ ತನಕ ಕಳಿಸಿದೆ. ನಾ ಏನು ಕಡಿಮಿ ಮಾಡಿದೆ ಹೇಳ್ರಿ? ಅಕಿ ಕೈಯಾಗs ಇಲ್ಲ ಅಂದ್ರ ಯಾರೇನು ಮಾಡಾಕ ಬರ್ತೈತಿ?”

“ಪಾಪ, ನೀ ಮಾಡೋದು ಮಾಡೀದಿ,” ಅಂದರು ಕಾಕಾ.

ಈ ಮಾತಿಗೆ ಬಹಳ ಆಯುಷ್ಯ ಇತ್ತು ನೋಡಿ. ನಮ್ಮ ಮನೆಯ ಹಿತ್ತಾಳೆ ಹಂಡೆ ತೂತಾಯಿತು, ಅಂಗಡಿ ತಮ್ಮನ ಕೈಗೆ ಹೋಯಿತು, ಕಟ್ಟೆ ಒಡೆದು ಚರಂಡಿ ಮಾಡಿದರು, ಈ ಮಾತು ಮಾತ್ರ ಗಟ್ಟಿಯಾಗಿ ಉಳಿಯಿತು. ಇಟ್ಟಿಗಿ ಎಂಬ ಊರಿನ ಕಡೆಯಿಂದ ನನ್ನನ್ನು ನೋಡಲು ಬಂದವರ ಮುಂದೆಯೂ ಅಪ್ಪ ಅದನ್ನೇ ಬಡಿಸಿದ. ಮಗಳು ಬಳ್ಳಾರಿಯಲ್ಲಿ ಆಡಿಬಂದಿದ್ದಾಳೆ, ಆದರೆ ಬಳೆ ತೆಗೆದಿಲ್ಲ. ನಮ್ಮ ಮಾವನವರಿಗೆ ಅದು ತುಂಬ ಹಿಡಿಸಿತಂತೆ. “ಆಟ ಆಡಿದ್ರೂ ಬಳಿ ತಗೀಲಿಲ್ಲ ಅಂದ್ರ, ಮನಿತನದ ಹೆಣ್ಣು!” ಎಂದು ಅಲ್ಲೇ ಒಪ್ಪಿದರು. ಬಳ್ಳಾರಿಯಿಂದ ನನಗೆ ಸಿಕ್ಕ ಸರ್ಟಿಫಿಕೇಟು ಅದು. ಅದರ ಮೇಲೆ ಈ ಮನೆ, ಈ ಪಡಸಾಲೆ, ಈ ಸೊಳ್ಳೆಗಳು.

ಜುಲೇಖಾ ಅರಸೀಕೆರೆಯಲ್ಲಿ ಡ್ರಿಲ್ ಟೀಚರ್ ಆದಳು. ರೈಲು ಜಂಕ್ಷನ್ನಿನ ಅರಸೀಕೆರೆ ಅಲ್ಲ, ನಮ್ಮ ಹರಪನಹಳ್ಳಿ ಕಡೆಯದು. ಎಂಬತ್ತರ ದಶಕದಲ್ಲಿ ಒಮ್ಮೆ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಜೊತೆಗೆ ಸಾಲು ಹುಡುಗಿಯರು, ಎಲ್ಲರ ಬಗಲಲ್ಲೂ ಆಟದ ತೊಗಲಿನ ಕೈಚೀಲ. ನನ್ನ ಕಂಕುಳಲ್ಲಿ ಮಗು, ಕೈತುಂಬ ಬಳೆ. ಇಬ್ಬರೂ ಬಹಳ ಮಾತಾಡಿದೆವು, ಆಟದ್ದೊಂದು ಬಿಟ್ಟು. ಬಸ್ಸು ಬಂತು. ಅವಳು ಸೀಟಿ ಊದಿದಳು, ಹುಡುಗಿಯರು ಓಡಿದರು. ನನ್ನ ಮಗು ಬೆಚ್ಚಿ ಅತ್ತಿತು. ಅದನ್ನು ಸಮಾಧಾನ ಮಾಡುವುದರಲ್ಲಿ ಅವಳು ಕಿಟಕಿಯಿಂದ ಕೈ ಬೀಸಿದ್ದನ್ನು ಸರಿಯಾಗಿ ನೋಡಲಾಗಲಿಲ್ಲ.

ಕ್ಯಾಲೆಂಡರು ಹರಿದ ಮರುವಾರ ತಮ್ಮನ ಮಗಳ ನಿಶ್ಚಿತಾರ್ಥಕ್ಕೆ ಕೊಟ್ಟೂರಿಗೆ ಹೋಗಿದ್ದೆ. ಅಪ್ಪನಿಗೆ ಈಗ ಕಣ್ಣು ಮಂದ, ಬಾಯಿ ಅಲ್ಲ. ಬೀಗರ ಮುಂದೆ ಮತ್ತೆ ಬಳ್ಳಾರಿ ತೆಗೆದ. ಕಳಿಸಿದೆ, ಅಕಿ ಕೈಯಾಗ ಇರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬೀಗರು ಹೋದ ಮೇಲೆ ತಡವಾದ ಊಟಕ್ಕೆ ಅಪ್ಪನನ್ನು ಕೂರಿಸಿ ನಾನೇ ಬಡಿಸುತ್ತಿದ್ದೆ. ಮನೆಯಲ್ಲಿ ಬೇರೆ ಯಾರೂ ಎದ್ದಿರಲಿಲ್ಲ, ಎಲ್ಲ ಉಂಡು ಮಲಗಿದ್ದರು, ಮಧ್ಯಾಹ್ನದ ಬಿಸಿಲು ಅಂಗಳದಲ್ಲಿ ಬಿದ್ದಿತ್ತು. ಹೇಳಬೇಕು ಎಂದು ಹೋದವಳಲ್ಲ. ಅನ್ನ ಹಾಕುವಾಗ ಬಾಯಿಗೆ ಬಂತು.

“ಅಪ್ಪಾ, ನನ್ನ ಕೈಯಾಗ ಇತ್ತು. ಬಳಿ ಇಲ್ದಿದ್ರ ಹೊಡೀತಿದ್ದೆ.”

ಅಪ್ಪ ತುತ್ತು ಕಲಸುವುದು ನಿಲ್ಲಿಸಿದ. ನನ್ನ ಕೈಯಿದ್ದ ಕಡೆ ಮುಖ ತಿರುಗಿಸಿ, ಮಂದ ಕಣ್ಣಿನಿಂದ ನೋಡಿದ. ನೋವಾಯಿತೇನೋ, ಈ ವಯಸ್ಸಿನಲ್ಲಿ ಯಾಕೆ ಹೇಳಿದೆನೋ ಎಂದು ನನಗೆ ಸಂಕಟವೇ ಆಯಿತು.

“ಯಾವ ಬಳಿ?” ಅಂದ.

ಹೇಳಿದೆ. ಮಾಸ್ತರು ಬಂದದ್ದು, ಕಟ್ಟೆ ನಕ್ಕದ್ದು, ಮಹಬೂಬಿ, ಬಸ್ಸಿನ ಕಿಟಕಿ, ಎಲ್ಲ. ಅಪ್ಪನಿಗೆ ಬಳೆ ನೆನಪಾಯಿತು, ಆದರೆ ಬೀಗರಿಗೆ ಹೇಳುವ ಕತೆಯಲ್ಲಿರುವ ಬಳೆ. ಕಿಟಕಿಯ ಹತ್ತಿರ ಹೇಳಿದ ಮಾತು ನೆನಪಾಗಲಿಲ್ಲ.

“ಅಯ್ಯ ಹುಚ್ಚಿ,” ಎಂದು ನಕ್ಕ. ನಿಜವಾಗಿ ನಗು ಬಂದಿತ್ತು ಅವನಿಗೆ. “ಕಟ್ಟಿ ಮ್ಯಾಲೆ ಮಂದಿ ಕುಂತಿದ್ರು, ಅವರ ಮುಂದ ಒಂದು ಮಾತು ಅಂದಿರಬೇಕು. ನೀನು ಅಲ್ಲಿ ಹೋದಮ್ಯಾಲೆ ತಗದು ಒಗದು ಆಡಬೇಕಿತ್ತವ್ವ. ನಾನೇನು ಬಳ್ಳಾರಿಗೆ ಬಂದು ನಿನ್ನ ಕೈ ನೋಡಾಕತ್ತಿದ್ನೇನು?”

ಆ ಮೇಲೆ ತಟ್ಟೆ ಮುಂದಕ್ಕೆ ಸರಿಸಿ, “ಮಜ್ಜಿಗಿ ಹಾಕು,” ಅಂದ.

ಹಾಕಿದೆ.